ಲ್ಯಾಪ್‌ಟಾಪ್ ಆನ್ ಆಗದಿದ್ದಾಗ ಹಾಲಿನ ಲೆಕ್ಕ ಉಳಿಸಿಕೊಳ್ಳುವ ಕ್ರಮ



ನಾವು ಗ್ರಾಮಗಳ ಭೇಟಿಗೆ ಬಂದಾಗ ನೀವು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ರಾಸು ಬೆದೆಗೆ ಬಾರದಿರುವುದು, ಕೆಚ್ಚಲು ಬಾವು, ಮೇವಿನ ಕೊರತೆ ಇವುಗಳ ಬಗ್ಗೆ ಇರುತ್ತವೆ. ಕೆಲವು ವರ್ಷಗಳಿಂದ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. "ಡಾಕ್ಟ್ರೇ, ಸಂಘದ ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ. ಅಂಗಡಿಯವರು ಫಾರ್ಮ್ಯಾಟ್ ಮಾಡ್ಬೇಕು ಅಂತಾರೆ. ಮಾಡಿಸಿಬಿಡೋದಾ?"

ಈ ಪ್ರಶ್ನೆ ಕಾರ್ಯದರ್ಶಿಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಸಂಘದ ಲ್ಯಾಪ್‌ಟಾಪ್‌ನಲ್ಲಿ ಪ್ರತಿಯೊಬ್ಬ ಸದಸ್ಯರು ಬೆಳಿಗ್ಗೆ ಮತ್ತು ಸಂಜೆ ಹಾಕಿದ ಹಾಲಿನ ಪ್ರಮಾಣ, ಜಿಡ್ಡಿನಂಶ, ಎಸ್.ಎನ್.ಎಫ್., ದರ, ಪಶು ಆಹಾರದ ಕಡಿತ, ಬ್ಯಾಂಕ್ ಖಾತೆಯ ಸಂಖ್ಯೆ ಎಲ್ಲವೂ ಇರುತ್ತವೆ. ಒಕ್ಕೂಟದಲ್ಲಿ ಸಂಘದಿಂದ ಬಂದ ಒಟ್ಟು ಹಾಲಿನ ಲೆಕ್ಕ ಸಿಗುತ್ತದೆ. ಆದರೆ ಆ ಒಟ್ಟು ಹಾಲಿನಲ್ಲಿ ನಿಮ್ಮ ಮನೆಯ ಹಾಲು ಎಷ್ಟು, ಅದರ ಡಿಗ್ರಿ ಎಷ್ಟು ಎಂಬುದನ್ನು ಒಟ್ಟು ಲೆಕ್ಕದಿಂದ ತಿಳಿಯಲಾಗದು. ಆದ್ದರಿಂದ ಬಟವಾಡೆಗೆ ಎರಡು ದಿನ ಇರುವಾಗ ಲ್ಯಾಪ್‌ಟಾಪ್ ಕೆಟ್ಟರೆ ಅದು ಪ್ರತಿಯೊಂದು ಮನೆಯ ವಿಷಯವಾಗುತ್ತದೆ. ಮನೆಯಲ್ಲಿ ಓದುವ ಮಕ್ಕಳ ಲ್ಯಾಪ್‌ಟಾಪ್‌ಗೂ ಇಲ್ಲಿ ಹೇಳುವ ಕ್ರಮವೇ ಅನ್ವಯಿಸುತ್ತದೆ.

ಮೊದಲು ತಿಳಿಯಬೇಕಾದ ವಿಷಯ

ಕರು ಹಾಕಿದ ಒಂದೆರಡು ದಿನಗಳಲ್ಲಿ ಹೆಚ್ಚು ಹಾಲು ಕೊಡುವ ಹಸು ಹಾಲುಜ್ವರಕ್ಕೆ ತುತ್ತಾಗಿ ನೆಲ ಹಿಡಿಯುವುದನ್ನು ನೀವು ನೋಡಿದ್ದೀರಿ. ಕತ್ತು ಪಕ್ಕೆಗೆ ತಿರುಗಿಸಿ ಮಲಗಿರುತ್ತದೆ, ಕಿವಿ ತಣ್ಣಗಿರುತ್ತದೆ. ನೋಡಿದವರು ಹಸು ಹೋಯಿತೆಂದೇ ತಿಳಿಯುತ್ತಾರೆ. ಆದರೆ ಕೊರತೆಯಾಗಿರುವುದು ರಕ್ತದಲ್ಲಿನ ಕ್ಯಾಲ್ಸಿಯಂ ಮಾತ್ರ. ಸಕಾಲದಲ್ಲಿ ವೈದ್ಯರು ರಕ್ತನಾಳದ ಮೂಲಕ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರೆ ಬಹಳಷ್ಟು ಹಸುಗಳು ಎದ್ದು ನಿಲ್ಲುತ್ತವೆ.

ವ್ಯವಸ್ಥೆಯ ಫೈಲುಗಳು ಕೆಟ್ಟ ಲ್ಯಾಪ್‌ಟಾಪ್ ಕೂಡ ಹೀಗೆಯೇ. ಗುಂಡಿ ಒತ್ತಿದಾಗ ಲ್ಯಾಪ್‌ಟಾಪ್ ಮೊದಲು ತನ್ನ ಯಂತ್ರಭಾಗಗಳನ್ನು ಪರೀಕ್ಷಿಸಿಕೊಳ್ಳುತ್ತದೆ. ನಂತರ ಡಿಸ್ಕಿನಿಂದ ವಿಂಡೋಸ್ ಎಂಬ ಮೂಲ ತಂತ್ರಾಂಶದ ಫೈಲುಗಳನ್ನು ಒಂದಾದ ಮೇಲೊಂದರಂತೆ ಓದಿಕೊಂಡು ಏಳುತ್ತದೆ. ಈ ಸಾಲಿನಲ್ಲಿ ಮುಖ್ಯವಾದ ಒಂದು ಫೈಲು ಕೆಟ್ಟರೂ ಇಡೀ ಯಂತ್ರ ನಿಂತುಬಿಡುತ್ತದೆ. ಆದರೆ ಹಾಲಿನ ಲೆಕ್ಕ, ಮಕ್ಕಳ ಪಾಠ, ಫೋಟೋಗಳು ಇರುವುದು ಬೇರೆ ಫೈಲುಗಳಲ್ಲಿ. ಡಿಸ್ಕ್ ಸರಿಯಿದ್ದರೆ ಅವು ಹೆಚ್ಚಿನ ಸಂದರ್ಭಗಳಲ್ಲಿ ಇದ್ದಲ್ಲಿಯೇ ಸುರಕ್ಷಿತವಾಗಿರುತ್ತವೆ.

ಇದಕ್ಕೆ ಒಂದು ದೊಡ್ಡ ಉದಾಹರಣೆಯಿದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ರಕ್ಷಣಾ ತಂತ್ರಾಂಶದ ಜೊತೆ ದೋಷವಿದ್ದ ಒಂದು ಫೈಲು ಪ್ರಪಂಚದ ಕಂಪ್ಯೂಟರ್‌ಗಳಿಗೆ ರವಾನೆಯಾಯಿತು. ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ವಿಮಾನಗಳು ತಡವಾದವು, ನಮ್ಮ ದೇಶದಲ್ಲಿಯೂ ಕೆಲವು ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಪರಿಹಾರವೇನು? ಸೇಫ್ ಮೋಡ್ ಎಂಬ ಸರಳ ಸ್ಥಿತಿಯಲ್ಲಿ ಕಂಪ್ಯೂಟರನ್ನು ಎಬ್ಬಿಸಿ, ಆ ಒಂದು ಫೈಲನ್ನು ಅಳಿಸಿ, ಮತ್ತೆ ಆನ್ ಮಾಡುವುದು. ಅದಕ್ಕಾಗಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕಾಗಿರಲಿಲ್ಲ.

ಫಾರ್ಮ್ಯಾಟ್ ಎಂದರೆ ಡಿಸ್ಕನ್ನು ಒರೆಸಿ ಹೊಸದಾಗಿ ವಿಂಡೋಸ್ ಹಾಕುವುದು. ಅಂಗಡಿಯವರಿಗೆ ಅದು ಬೇಗ ಮುಗಿಯುವ ಕೆಲಸ. ಲ್ಯಾಪ್‌ಟಾಪ್ ಏಳುತ್ತದೆ, ಲೆಕ್ಕ ಹೋಗುತ್ತದೆ. ಆದ್ದರಿಂದ ಈ ಲೇಖನದ ಮುಖ್ಯ ಮಾತು ಇಷ್ಟೇ: ಮೊದಲು ಕಾರಣ ತಿಳಿಯಿರಿ, ನಂತರ ಲೆಕ್ಕದ ಪ್ರತಿ ತೆಗೆಯಿರಿ, ಆಮೇಲೆ ಚಿಕಿತ್ಸೆ.

ಕಾರಣಗಳು

1. ವಿಂಡೋಸ್ ಅಪ್‌ಡೇಟ್ ಆಗುತ್ತಿರುವಾಗ ಕರೆಂಟ್ ಹೋಗುವುದು. ಬ್ಯಾಟರಿ ಸತ್ತಿರುವ ಲ್ಯಾಪ್‌ಟಾಪ್‌ಗಳಲ್ಲಿ ಇದು ಹೆಚ್ಚು.
2. ಸಮಯವಿಲ್ಲವೆಂದು ಗುಂಡಿಯನ್ನು ಒತ್ತಿ ಹಿಡಿದು ಆಫ್ ಮಾಡುವ ಅಭ್ಯಾಸ.
3. ಡಿಸ್ಕಿನಲ್ಲಿ ಜಾಗ ಪೂರ್ತಿ ತುಂಬಿರುವುದು.
4. ಹಳೆಯ ಹಾರ್ಡ್‌ಡಿಸ್ಕ್ ಸವೆದು ಕೆಲವು ಭಾಗಗಳು ಓದಲಾಗದಂತೆ ಆಗಿರುವುದು.
5. ಕಂಡ ಕಂಡ ಪೆನ್‌ಡ್ರೈವ್ ಹಾಕುವುದರಿಂದ, ಕಳ್ಳಪ್ರತಿಯ ಸಿನಿಮಾ ಮತ್ತು ತಂತ್ರಾಂಶಗಳಿಂದ ಬರುವ ವೈರಸ್.

ಲಕ್ಷಣಗಳನ್ನು ಗುರುತಿಸುವುದು

ಎಲ್ಲಾ "ಆನ್ ಆಗ್ತಿಲ್ಲ" ಒಂದೇ ರೋಗವಲ್ಲ. ಈ ಕೆಳಗಿನಂತೆ ಗುರುತಿಸಿ.

ದೀಪವೂ ಹೊತ್ತುವುದಿಲ್ಲ, ಫ್ಯಾನಿನ ಸದ್ದೂ ಇಲ್ಲ: ಇದು ಕರೆಂಟ್, ಚಾರ್ಜರ್ ಅಥವಾ ಬ್ಯಾಟರಿಯ ದೋಷವಿರಬಹುದು. ಬೇರೆ ಪ್ಲಗ್, ಸಾಧ್ಯವಾದರೆ ಅದೇ ಮಾದರಿಯ ಬೇರೆ ಚಾರ್ಜರ್ ಹಾಕಿ ನೋಡಿ.

ದೀಪ ಹೊತ್ತುತ್ತದೆ, ಪರದೆ ಪೂರ್ತಿ ಕಪ್ಪು, ಕಂಪನಿಯ ಗುರುತೂ ಬರುವುದಿಲ್ಲ: ಪರದೆ, ಮೆಮೊರಿ ಅಥವಾ ಒಳಗಿನ ಬೋರ್ಡಿನ ದೋಷವಿರಬಹುದು. ಇದನ್ನು ತಂತ್ರಜ್ಞರೇ ನೋಡಬೇಕು.

ಬೂಟ್ ಡಿವೈಸ್ ಸಿಗಲಿಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲು ಬರುತ್ತದೆ: ಮೊದಲು ಹಾಕಿರುವ ಪೆನ್‌ಡ್ರೈವ್ ತೆಗೆದು ನೋಡಿ. ಕೆಲವು ಲ್ಯಾಪ್‌ಟಾಪ್‌ಗಳು ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಹುಡುಕಿ ನಿಂತಿರುತ್ತವೆ. ತೆಗೆದರೂ ಹೀಗೆಯೇ ಬಂದರೆ ಡಿಸ್ಕಿನ ಬಗ್ಗೆ ಅನುಮಾನ ಪಡಬೇಕು.

ಕಂಪನಿಯ ಗುರುತು ಬಂದು, ಚುಕ್ಕಿಗಳು ಸುತ್ತುತ್ತಾ ನಿಲ್ಲುತ್ತದೆ, ಅಥವಾ ನೀಲಿ ಪರದೆ ಬಂದು ತಾನೇ ಆಫ್ ಆಗಿ ಆನ್ ಆಗುತ್ತದೆ: ಇದೇ ಫೈಲುಗಳು ಕೆಟ್ಟಿರುವುದರ ಸಾಮಾನ್ಯ ಲಕ್ಷಣ. ವಿಂಡೋಸ್ 11ರಲ್ಲಿ 2025ರಿಂದ ನೀಲಿ ಪರದೆಯ ಬದಲು ಕಪ್ಪು ಪರದೆ ಬರುತ್ತಿದೆ, ಅರ್ಥ ಒಂದೇ. ಅದರ ಮೇಲಿರುವ ಅಕ್ಷರಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಒಳಗಿನಿಂದ ಕಟ್ ಕಟ್ ಎಂಬ ಸದ್ದು: ತಕ್ಷಣ ಆಫ್ ಮಾಡಿ. ಹಾರ್ಡ್‌ಡಿಸ್ಕ್ ಸಾಯುತ್ತಿರುವ ಸೂಚನೆ ಇದು. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಲೆಕ್ಕ ಉಳಿಯುವ ಅವಕಾಶ ಕಡಿಮೆಯಾಗುತ್ತದೆ. ಡೇಟಾ ತೆಗೆದುಕೊಡುವ ಪರಿಣತರಿಗೆ ಮಾತ್ರ ಕೊಡಿ.

ಅಪ್‌ಡೇಟ್ ನಡೆಯುತ್ತಿದೆ, ಆಫ್ ಮಾಡಬೇಡಿ ಎಂಬ ಅರ್ಥದ ಬರಹ: ಇದು ರೋಗವಲ್ಲ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಗಂಟೆಗೂ ಹೆಚ್ಚು ಹಿಡಿಯಬಹುದು. ಚಾರ್ಜರ್ ಹಾಕಿ ಕಾಯಿರಿ.

ಪರದೆಯ ಮೇಲೆ ಫೋನ್ ನಂಬರ್ ಬಂದು "ಮೈಕ್ರೋಸಾಫ್ಟ್‌ಗೆ ಕರೆ ಮಾಡಿ" ಎಂದಿದ್ದರೆ ಅದು ಮೋಸ. ಮೈಕ್ರೋಸಾಫ್ಟ್‌ನ ನಿಜವಾದ ದೋಷ ಸೂಚನೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ಕರೆ ಮಾಡಬಾರದು, ಹಣ ಕಳುಹಿಸಬಾರದು.

ಪ್ರಥಮ ಚಿಕಿತ್ಸೆ

ಈ ಕ್ರಮ ವಿಂಡೋಸ್ 10 ಮತ್ತು 11 ಇರುವ ಲ್ಯಾಪ್‌ಟಾಪ್‌ಗಳಿಗೆ ಅನ್ವಯಿಸುತ್ತದೆ. ಪ್ರಿಂಟರ್, ಪೆನ್‌ಡ್ರೈವ್, ಹಾಲು ಪರೀಕ್ಷಾ ಯಂತ್ರದ ವೈರು ಎಲ್ಲವನ್ನೂ ಬಿಡಿಸಿ. ಚಾರ್ಜರ್ ತೆಗೆದು, ಆನ್ ಮಾಡುವ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿದು ಬಿಡಿ. ಮತ್ತೆ ಚಾರ್ಜರ್ ಹಾಕಿ ಆನ್ ಮಾಡಿ. ಕೆಲವೊಮ್ಮೆ ಇಷ್ಟಕ್ಕೇ ಏಳುತ್ತದೆ.

ಏಳದಿದ್ದರೆ ವಿಂಡೋಸ್‌ನ ದುರಸ್ತಿ ಪರದೆಗೆ ಹೋಗಬೇಕು. ವಿಂಡೋಸ್ ಸತತ ಎರಡು ಬಾರಿ ಏಳಲು ವಿಫಲವಾದರೆ ಸಾಮಾನ್ಯವಾಗಿ ಮೂರನೆಯ ಬಾರಿ ಈ ಪರದೆ ತಾನಾಗಿಯೇ ಬರುತ್ತದೆ. ಬಾರದಿದ್ದರೆ, ಚುಕ್ಕಿಗಳು ಸುತ್ತುತ್ತಿರುವಾಗ ಗುಂಡಿಯನ್ನು 10 ಸೆಕೆಂಡು ಒತ್ತಿ ಆಫ್ ಮಾಡಿ. ಹೀಗೆ ಎರಡು ಬಾರಿ ಮಾಡಿ ಮೂರನೆಯ ಬಾರಿ ಬಿಟ್ಟುಬಿಡಿ. ಅಪ್‌ಡೇಟ್ ನಡೆಯುತ್ತಿರುವಾಗ ಮತ್ತು ಕಟ್ ಕಟ್ ಸದ್ದು ಇರುವಾಗ ಇದನ್ನು ಮಾಡಕೂಡದು.

ದುರಸ್ತಿ ಪರದೆಯಲ್ಲಿ ಟ್ರಬಲ್‌ಶೂಟ್, ಅದರೊಳಗೆ ಅಡ್ವಾನ್ಸ್ಡ್ ಆಪ್ಷನ್ಸ್ ಎಂದು ಇರುತ್ತದೆ. ಮುಂದಿನ ಕೆಲಸವೆಲ್ಲ ಅಲ್ಲಿಂದಲೇ.

ಮೊದಲು ಲೆಕ್ಕದ ಪ್ರತಿ ತೆಗೆಯಿರಿ

ಲ್ಯಾಪ್‌ಟಾಪ್ ಏಳದಿದ್ದರೂ ಅದರೊಳಗಿನ ಫೈಲುಗಳನ್ನು ಪೆನ್‌ಡ್ರೈವ್‌ಗೆ ತೆಗೆಯಲು ಸಾಧ್ಯವಿದೆ. ಇದು ಬಹಳ ಜನರಿಗೆ ತಿಳಿದಿಲ್ಲ.

1. ಖಾಲಿ ಪೆನ್‌ಡ್ರೈವ್ ಹಾಕಿ. ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಆರಿಸಿ. ಕಪ್ಪು ಕಿಟಕಿ ತೆರೆಯುತ್ತದೆ.
2. ಅಲ್ಲಿ ಇಂಗ್ಲಿಷ್‌ನಲ್ಲಿ ನೋಟ್‌ಪ್ಯಾಡ್ ಎಂದು ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ಬರೆಯುವ ಹಾಳೆಯೊಂದು ತೆರೆಯುತ್ತದೆ.
3. ಅದರ ಫೈಲ್ ಪಟ್ಟಿಯಲ್ಲಿ ಓಪನ್ ಒತ್ತಿ. ಕೆಳಗೆ ಫೈಲಿನ ಬಗೆ ತೋರಿಸುವಲ್ಲಿ ಆಲ್ ಫೈಲ್ಸ್ ಎಂದು ಬದಲಾಯಿಸಿ.
4. ಈಗ ದಿಸ್ ಪಿಸಿ ಒಳಗೆ ಡಿಸ್ಕಿನ ಭಾಗಗಳು ಕಾಣುತ್ತವೆ. ಇಲ್ಲಿ ಸಿ, ಡಿ ಅಕ್ಷರಗಳು ಅದಲುಬದಲಾಗಿರಬಹುದು, ಗಾಬರಿ ಬೇಡ. ಹಾಲಿನ ಲೆಕ್ಕವಿರುವ ಫೋಲ್ಡರ್ ಮೇಲೆ ಮೌಸಿನ ಬಲಗುಂಡಿ ಒತ್ತಿ ಕಾಪಿ ಎನ್ನಿ. ಪೆನ್‌ಡ್ರೈವ್ ತೆರೆದು ಅದೇ ರೀತಿ ಪೇಸ್ಟ್ ಎನ್ನಿ.
5. ಎಷ್ಟು ಪ್ರತಿಯಾಯಿತೆಂದು ಇಲ್ಲಿ ತೋರಿಸುವುದಿಲ್ಲ. ಕಿಟಕಿ ಕದಲದೆ ನಿಂತಂತೆ ಕಂಡರೂ ಕೆಲಸ ನಡೆಯುತ್ತಿರುತ್ತದೆ. ತಾಳ್ಮೆಯಿಂದ ಕಾಯಿರಿ.
6. ಆ ಪೆನ್‌ಡ್ರೈವನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಫೈಲುಗಳು ಬಂದಿವೆಯೇ ಎಂದು ನೋಡಿದ ನಂತರವೇ ಮುಂದಿನ ಹೆಜ್ಜೆ.

ಲೆಕ್ಕದ ಫೋಲ್ಡರ್ ಯಾವುದು ಎಂಬುದು ಒಂದೊಂದು ತಂತ್ರಾಂಶಕ್ಕೆ ಒಂದೊಂದು ರೀತಿ. ತಂತ್ರಾಂಶ ಕೊಟ್ಟವರನ್ನು ಇಂದೇ ಕೇಳಿ, ಒಂದು ಚೀಟಿಯಲ್ಲಿ ಬರೆದು ಸಂಘದ ಕಡತದಲ್ಲಿ ಅಂಟಿಸಿಡಿ. ಕೆಟ್ಟ ದಿನ ಹುಡುಕುವುದು ಕಷ್ಟ.

ಇಲ್ಲಿ ಒಂದು ಅಡ್ಡಿ ಬರಬಹುದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ಡಿಸ್ಕಿಗೆ ಹಾಕಿರುತ್ತದೆ. ಆಗ 48 ಅಂಕಿಗಳ ಕೀಲಿ ಸಂಖ್ಯೆ ಕೇಳುತ್ತದೆ. ಲ್ಯಾಪ್‌ಟಾಪನ್ನು ಮೊದಲು ಸಿದ್ಧಪಡಿಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಸಾಮಾನ್ಯವಾಗಿ ಉಳಿದಿರುತ್ತದೆ. ಆ ಖಾತೆ ಹಿಂದಿನ ಕಾರ್ಯದರ್ಶಿಯದೋ, ಮಾರಿದ ಅಂಗಡಿಯವರದೋ ಆಗಿದ್ದರೆ ಅವರಿಂದ ಪಡೆಯಬೇಕು. ಕೀಲಿ ಸಂಖ್ಯೆ ಸಿಗದಿದ್ದರೆ ಆ ಡಿಸ್ಕಿನಲ್ಲಿರುವುದನ್ನು ಯಾರೂ ತೆಗೆಯಲಾರರು. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಈ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಸಂಘದ ಬೀರುವಿನಲ್ಲಿ ಇಡಿ.

ನಂತರ ಚಿಕಿತ್ಸೆ

ಕಡಿಮೆ ಅಪಾಯದ ಉಪಾಯದಿಂದ ಆರಂಭಿಸಬೇಕು. ಒಂದರಿಂದ ಗುಣ ಕಾಣದಿದ್ದರೆ ಮಾತ್ರ ಮುಂದಿನದು.

1. ಸ್ಟಾರ್ಟಪ್ ರಿಪೇರ್: ಏಳಲು ಬೇಕಾದ ಫೈಲುಗಳನ್ನು ವಿಂಡೋಸ್ ತಾನೇ ಪರೀಕ್ಷಿಸಿ ಸರಿಪಡಿಸಲು ಪ್ರಯತ್ನಿಸುತ್ತದೆ. ನಿಮ್ಮ ಫೈಲುಗಳನ್ನು ಮುಟ್ಟುವುದಿಲ್ಲ.

2. ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್: ಅಪ್‌ಡೇಟ್ ಆದ ಮರುದಿನವೇ ಕೆಟ್ಟಿದ್ದರೆ ಇದನ್ನು ಆರಿಸಿ ಕೊನೆಯ ಅಪ್‌ಡೇಟನ್ನು ತೆಗೆಯಬಹುದು.

3. ಸಿಸ್ಟಮ್ ರಿಸ್ಟೋರ್: ವ್ಯವಸ್ಥೆಯನ್ನು ಹಿಂದಿನ ಒಂದು ಒಳ್ಳೆಯ ದಿನದ ಸ್ಥಿತಿಗೆ ಒಯ್ಯುತ್ತದೆ. ಅಂಥ ದಿನದ ಗುರುತು ಮೊದಲೇ ಉಳಿದಿದ್ದರೆ ಮಾತ್ರ ಸಾಧ್ಯ. ಆ ದಿನದ ನಂತರ ಹಾಕಿದ ತಂತ್ರಾಂಶಗಳು ಹೋಗುತ್ತವೆ.

4. ಸೇಫ್ ಮೋಡ್: ಸ್ಟಾರ್ಟಪ್ ಸೆಟ್ಟಿಂಗ್ಸ್ ಆರಿಸಿ, ರೀಸ್ಟಾರ್ಟ್ ಆದ ಮೇಲೆ ಬರುವ ಪಟ್ಟಿಯಲ್ಲಿ 4 ಒತ್ತಿ. ತೀರಾ ಅವಶ್ಯವಾದ ಫೈಲುಗಳಿಂದ ಮಾತ್ರ ಲ್ಯಾಪ್‌ಟಾಪ್ ಏಳುತ್ತದೆ. ಹೀಗೆ ಎದ್ದರೆ ಹೊಸದಾಗಿ ಹಾಕಿದ ತಂತ್ರಾಂಶವನ್ನು ತೆಗೆದು ನೋಡಿ. ನಂತರ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಇಂಗ್ಲಿಷ್‌ನಲ್ಲಿ ಎಸ್ ಎಫ್ ಸಿ ಎಂಬ ಮೂರು ಅಕ್ಷರ ಬರೆದು, ಒಂದು ಜಾಗ ಬಿಟ್ಟು, ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲೇ ಇರುವ ಓರೆಗೆರೆ ಹಾಕಿ, ಅದಕ್ಕೆ ಸೇರಿಸಿ ಸ್ಕ್ಯಾನ್‌ನೌ ಎಂದು ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ವಿಂಡೋಸ್ ತನ್ನ ಮುಖ್ಯ ಫೈಲುಗಳನ್ನು ಪರೀಕ್ಷಿಸಿ, ಕೆಟ್ಟವುಗಳ ಜಾಗಕ್ಕೆ ತನ್ನ ದಾಸ್ತಾನಿನಿಂದ ಒಳ್ಳೆಯ ಪ್ರತಿ ಹಾಕುತ್ತದೆ. ದಾಸ್ತಾನೇ ಕೆಟ್ಟಿದ್ದರೆ ಡಿಸ್ಮ್ ಎಂಬ ಇನ್ನೊಂದು ಆಜ್ಞೆಯಿಂದ ಅದನ್ನು ಅಂತರಜಾಲದ ಮೂಲಕ ಸರಿಪಡಿಸಬೇಕು. ಅದನ್ನು ತಿಳಿದವರಿಂದ ಮಾಡಿಸಿ.

5. ರೀಸೆಟ್: ಇದು ಕೊನೆಯ ಉಪಾಯಗಳಲ್ಲಿ ಒಂದು. ಇಲ್ಲಿ ಕೀಪ್ ಮೈ ಫೈಲ್ಸ್ ಮತ್ತು ರಿಮೂವ್ ಎವೆರಿಥಿಂಗ್ ಎಂಬ ಎರಡು ದಾರಿಗಳಿವೆ. ಎರಡನೆಯದು ಎಲ್ಲವನ್ನೂ ಅಳಿಸುತ್ತದೆ. ಮೊದಲನೆಯದು ಸುರಕ್ಷಿತವೆಂದು ಕಂಡರೂ ಎಚ್ಚರ ಬೇಕು. ಫೋಟೋ, ಡಾಕ್ಯುಮೆಂಟ್ಸ್ ಮುಂತಾದ ಸ್ವಂತ ಫೋಲ್ಡರ್‌ಗಳು ಉಳಿಯುತ್ತವೆ, ಆದರೆ ನಂತರ ಹಾಕಿಕೊಂಡ ತಂತ್ರಾಂಶಗಳೆಲ್ಲ ಹೋಗುತ್ತವೆ. ಹಾಲಿನ ಲೆಕ್ಕದ ತಂತ್ರಾಂಶ ತನ್ನ ಫೋಲ್ಡರ್‌ನಲ್ಲಿಯೇ ಲೆಕ್ಕ ಇಟ್ಟುಕೊಂಡಿದ್ದರೆ ಅದೂ ಜೊತೆಗೆ ಹೋಗಬಹುದು. ಪ್ರತಿ ತೆಗೆಯದೆ ಇದನ್ನು ಒತ್ತಕೂಡದು.

6. ದುರಸ್ತಿ ಪರದೆಯೇ ಬಾರದಿದ್ದರೆ: ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ, ಕನಿಷ್ಠ 8 ಜಿಬಿಯ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ತುಂಬಿಸಿಕೊಂಡು ಅದರಿಂದ ಎಬ್ಬಿಸಬಹುದು. ಆ ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆ. ಎದ್ದ ಮೇಲೆ ಇನ್‌ಸ್ಟಾಲ್ ಎನ್ನಬಾರದು, ರಿಪೇರ್ ಎಂಬುದನ್ನೇ ಆರಿಸಬೇಕು.

ಅಂಗಡಿಗೆ ಕೊಡುವಾಗ

ಎಲ್ಲವನ್ನೂ ನೀವೇ ಮಾಡಬೇಕೆಂದಿಲ್ಲ. ನಾಟಿ ಔಷಧ ಹಾಕಿ ಕೊನೆಗೆ ವೈದ್ಯರನ್ನು ಕರೆಯುವಂತೆ ಆಗುವುದೂ ಬೇಡ. ಆದರೆ ಕೊಡುವಾಗ ಈ ಮೂರು ವಿಷಯ ಗಮನಿಸಿ.

"ಡೇಟಾ ಪ್ರತಿ ತೆಗೆಯದೆ ಫಾರ್ಮ್ಯಾಟ್ ಮಾಡಬಾರದು" ಎಂದು ರಸೀದಿಯಲ್ಲಿಯೇ ಬರೆಯಿಸಿ. ಬಾಯಿ ಮಾತು ಸಾಲದು.

ಸದಸ್ಯರ ಬ್ಯಾಂಕ್ ವಿವರ ಅದರಲ್ಲಿರುವುದರಿಂದ ಸಾಧ್ಯವಾದಷ್ಟೂ ಕಾರ್ಯದರ್ಶಿ ಅಥವಾ ಪರೀಕ್ಷಕರು ಎದುರಿಗೆ ಕುಳಿತು ಕೆಲಸ ಮಾಡಿಸಲಿ.

ಡಿಸ್ಕ್ ಬದಲಾಯಿಸಿದರೆ ಹಳೆಯ ಡಿಸ್ಕನ್ನು ಕೇಳಿ ವಾಪಸ್ಸು ತನ್ನಿ.

ಅಲ್ಲಿಯವರೆಗೆ ಹಾಲು ಸಂಗ್ರಹಣೆ

ಲ್ಯಾಪ್‌ಟಾಪ್ ಕೆಟ್ಟರೆ ಹಾಲು ನಿಲ್ಲಬಾರದು. ತೂಕದ ಯಂತ್ರ ಮತ್ತು ಪರೀಕ್ಷಾ ಯಂತ್ರ ತಮ್ಮ ಪರದೆಯ ಮೇಲೆ ಅಂಕಿ ತೋರಿಸುತ್ತಿದ್ದರೆ ಅದನ್ನು ನೋಡಿ ರಿಜಿಸ್ಟರಿನಲ್ಲಿ ಕೈಯಿಂದ ಬರೆಯಬೇಕು. ಸದಸ್ಯರು ಅಂಕಿಯನ್ನು ತಾವೇ ಕಣ್ಣಾರೆ ನೋಡಿ, ಪಾಸ್‌ಪುಸ್ತಕದಲ್ಲಿ ಬರೆಸಿ ಸಹಿ ಪಡೆಯಿರಿ. ಹಿಂದಿನ ದಿನಗಳ ಚೀಟಿಗಳನ್ನು ಬಟವಾಡೆ ಆಗುವವರೆಗೆ ಎಸೆಯಬೇಡಿ. ಲೆಕ್ಕ ಕಳೆದುಹೋದರೆ ಆ ಚೀಟಿಯೇ ನಿಮ್ಮ ಸಾಕ್ಷಿ. ಬಿಸಿಲು ಬಿದ್ದರೆ ಅಕ್ಷರ ಅಳಿಸಿಹೋಗುವ ಕಾಗದದ ಚೀಟಿಗಳಾದರೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ನಿಮ್ಮ ಸಂಘದ ತಂತ್ರಾಂಶ ದಿನದ ಲೆಕ್ಕವನ್ನು ಅಂತರಜಾಲದ ಮೂಲಕ ಬೇರೆಡೆಗೂ ಕಳುಹಿಸುವಂಥದ್ದಾದರೆ, ಯಾವ ದಿನದವರೆಗೆ ತಲುಪಿದೆ ಎಂದು ವಿಚಾರಿಸಿ. ನಿಮ್ಮ ರಾಸಿನ ಕಿವಿಯೋಲೆಯ 12 ಅಂಕಿಗಳ ವಿವರದ ಬಗ್ಗೆ ಚಿಂತೆ ಬೇಡ. ಅದು ಭಾರತ್ ಪಶುಧನ್ ವ್ಯವಸ್ಥೆಯಲ್ಲಿ ಕೇಂದ್ರೀಕೃತವಾಗಿ ಇರುವುದರಿಂದ ಸಂಘದ ಲ್ಯಾಪ್‌ಟಾಪ್ ಕೆಟ್ಟರೂ ಉಳಿಯುತ್ತದೆ.

ಮುಂಜಾಗ್ರತಾ ಕ್ರಮಗಳು

ಚಪ್ಪೆರೋಗ ಬರುವ ಮೊದಲು ಲಸಿಕೆ ಹಾಕಿಸುವಂತೆ ಇಲ್ಲಿಯೂ ಮೊದಲೇ ಮಾಡುವ ಕೆಲಸವೇ ಅಗ್ಗ.

* ಎರಡು ಪೆನ್‌ಡ್ರೈವ್ ಕೊಂಡು, ಪ್ರತಿದಿನ ಸಂಜೆ ಹಾಲು ಮುಗಿದ ಮೇಲೆ ಲೆಕ್ಕದ ಪ್ರತಿ ತೆಗೆಯಿರಿ. ಒಂದು ದಿನ ಒಂದಕ್ಕೆ, ಮರುದಿನ ಇನ್ನೊಂದಕ್ಕೆ. ಒಂದನ್ನು ಸಂಘದ ಕಟ್ಟಡದ ಹೊರಗೆ, ಜವಾಬ್ದಾರಿಯುತರ ಮನೆಯಲ್ಲಿ ಇಡಿ.
* ಕೆಲಸ ಮುಗಿದ ಮೇಲೆ ಪೆನ್‌ಡ್ರೈವನ್ನು ಲ್ಯಾಪ್‌ಟಾಪ್‌ನಲ್ಲಿಯೇ ಬಿಡಬೇಡಿ. ವೈರಸ್ ಬಂದರೆ ಎರಡೂ ಹೋಗುತ್ತವೆ.
* ಸತ್ತ ಬ್ಯಾಟರಿಯನ್ನು ಬದಲಾಯಿಸಿ. ಚೆನ್ನಾಗಿರುವ ಬ್ಯಾಟರಿ ಕರೆಂಟ್ ಹೋದಾಗ ಯು.ಪಿ.ಎಸ್.ನ ಕೆಲಸ ಮಾಡುತ್ತದೆ.
* ಶಟ್‌ಡೌನ್ ಮೂಲಕವೇ ಆಫ್ ಮಾಡಿ. ಹಾಲು ಹಾಕುವ ಹೊತ್ತಿನಲ್ಲಿ ಅಪ್‌ಡೇಟ್ ಶುರುವಾಗದಂತೆ ಸಮಯ ಗೊತ್ತುಮಾಡಿ.
* ಡಿಸ್ಕನ್ನು ಪೂರ್ತಿ ತುಂಬಬೇಡಿ. ಸಂಘದ ಲ್ಯಾಪ್‌ಟಾಪ್‌ನಲ್ಲಿ ಸಿನಿಮಾ, ಆಟ ಬೇಡ.
* ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಅದನ್ನೇ ಬಳಸುತ್ತಿರುವ ಸಂಘಗಳು ಮುಂದೇನು ಎಂಬುದನ್ನು ಆಡಳಿತ ಮಂಡಳಿಯಲ್ಲಿ ತೀರ್ಮಾನಿಸುವುದು ಒಳ್ಳೆಯದು.

ತೆಗೆದ ಪ್ರತಿ ನಿಜವಾಗಿಯೂ ತೆರೆಯುತ್ತದೆಯೇ ಎಂಬುದನ್ನು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ನೋಡಬೇಕು. ತೆರೆಯದ ಪ್ರತಿ ಇದ್ದೂ ಇಲ್ಲದಂತೆ.

ಸದಸ್ಯ ಬಂಧುಗಳೇ, ಇವೆಲ್ಲವನ್ನೂ ಕಾರ್ಯದರ್ಶಿಯೊಬ್ಬರ ತಲೆಗೆ ಕಟ್ಟಿ ಸುಮ್ಮನಿರಬಾರದು. ಲೆಕ್ಕ ನಿಮ್ಮದು. ಪೆನ್‌ಡ್ರೈವ್ ಮತ್ತು ಬ್ಯಾಟರಿಗೆ ಹಣ ಮಂಜೂರು ಮಾಡುವುದು ಆಡಳಿತ ಮಂಡಳಿಯ ಕರ್ತವ್ಯ, ಅದನ್ನು ಕೇಳುವುದು ನಿಮ್ಮ ಹಕ್ಕು. ಮುಂದಿನ ಸಭೆಯಲ್ಲಿ ಎದ್ದು ನಿಂತು ಮೂರು ಪ್ರಶ್ನೆ ಕೇಳಿ: ನಮ್ಮ ಹಾಲಿನ ಲೆಕ್ಕದ ಎರಡನೆಯ ಪ್ರತಿ ಎಲ್ಲಿದೆ? ಅದು ಯಾವ ದಿನದ್ದು? ಅದನ್ನು ಕೊನೆಯ ಬಾರಿ ತೆರೆದು ನೋಡಿದವರು ಯಾರು? ಮೂರಕ್ಕೂ ಉತ್ತರ ಸಿಕ್ಕರೆ ಲ್ಯಾಪ್‌ಟಾಪ್ ಯಾವ ದಿನ ಕೆಟ್ಟರೂ ನಿಮ್ಮ ಬಟವಾಡೆಗೆ ತೊಂದರೆಯಾಗದು.